ನಾಜಿ ಘೆಟ್ಟೋದಲ್ಲೊಂದು ಡ್ರಾಯಿಂಗ್ ಕ್ಲಾಸು: ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಬದುಕು

1942ರ ಡಿಸೆಂಬರ್. ಜೆಕ್ ನಾಡಿನ ಹ್ರೊನೊವ್ ಎಂಬ ಸಣ್ಣ ಊರಿನಲ್ಲಿದ್ದ ಯಹೂದಿ ದಂಪತಿಗೆ ಮನೆ ಬಿಟ್ಟು ಹೊರಡಬೇಕೆಂದು ಆದೇಶ ಬಂತು. ತಲಾ 50 ಕಿಲೋ ಸಾಮಾನು ಒಯ್ಯಬಹುದಿತ್ತು. ಎಲ್ಲಿಗೆ, ಎಷ್ಟು ದಿನಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಜನ ಸ್ವೆಟರ್, ಕಂಬಳಿ, ಒಣಗಿದ ಬ್ರೆಡ್ಡು, ಔಷಧಿ ತುಂಬಿಕೊಳ್ಳುತ್ತಾರೆ. ಈ ಮನೆಯ ಹೆಂಗಸು ತನ್ನ ಪಾಲಿನ ತೂಕದಲ್ಲಿ ಬಣ್ಣ ಮತ್ತು ಕಾಗದಕ್ಕೂ ಜಾಗ ಮಾಡಿಕೊಂಡರು. ಅದು ತಮ್ಮ ಚಿತ್ರಗಳಿಗಾಗಿ ಅಲ್ಲ. ಹೋಗುವ ಜಾಗದಲ್ಲಿ ಮಕ್ಕಳು ಇದ್ದೇ ಇರುತ್ತಾರೆ, ಅವರಿಗೆ ಪಾಠ ಮಾಡಬೇಕಾಗುತ್ತದೆ ಅನ್ನೋದು ಅವರ ಲೆಕ್ಕಾಚಾರವಾಗಿತ್ತು.

ಆಕೆಯ ಹೆಸರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಚಿತ್ರಕಲಾವಿದೆ, ವಿನ್ಯಾಸಕಿ, ಕಮ್ಯುನಿಸ್ಟ್. ಯುರೋಪ್ ಉರಿಯುತ್ತಿದ್ದಾಗ ಒಂದು ಕಾಲಕ್ಕೆ ಪೋಸ್ಟರ್ ಮಾಡಿ ಜೈಲು ಕಂಡಿದ್ದ ಈ ಹೆಣ್ಣುಮಗಳು ಕೊನೆಗೆ ಆರಿಸಿಕೊಂಡಿದ್ದು ಮಕ್ಕಳ ಡ್ರಾಯಿಂಗ್ ಕ್ಲಾಸನ್ನು. ಇದು ರಾಜಕೀಯದಿಂದ ಹಿಂದೆ ಸರಿದದ್ದೋ, ಅಥವಾ ಅದೇ ರಾಜಕೀಯದ ಇನ್ನೊಂದು ರೂಪವೋ? ಆಕೆಯ ಬದುಕನ್ನು ಓದುವಾಗ ಈ ಪ್ರಶ್ನೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ವಿಯೆನ್ನಾದ ಬಡ ಹುಡುಗಿ

ಫ್ರೀಡ್ಲ್ ಹುಟ್ಟಿದ್ದು 1898ರ ಜುಲೈ 30ರಂದು, ವಿಯೆನ್ನಾದ ಬಡ ಯಹೂದಿ ಕುಟುಂಬದಲ್ಲಿ. ಆಕೆ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಸಿಮೋನ್ ಡಿಕರ್ ಸ್ಟೇಷನರಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ದುಡ್ಡಿಲ್ಲದಿದ್ದರೂ ಮಗಳ ಕೈಗೆ ಕಾಗದ, ಪೆನ್ಸಿಲ್ಲು, ಬಣ್ಣ ಸಿಗುತ್ತಿತ್ತು.

ಹದಿಹರೆಯದಲ್ಲಿ ಮೊದಲು ಫೋಟೋಗ್ರಫಿ ಕಲಿತರು, ಆಮೇಲೆ ಜವಳಿ ವಿನ್ಯಾಸಕ್ಕೆ ಸೇರಿದರು. ಅಲ್ಲಿ ಫ್ರಾನ್ಜ್ ಚಿಜೆಕ್ ಎಂಬ ಮೇಷ್ಟ್ರು ಸಿಕ್ಕರು. ಮಕ್ಕಳ ಕಲಾ ಶಿಕ್ಷಣದ ಚರಿತ್ರೆಯಲ್ಲಿ ಚಿಜೆಕ್ ದೊಡ್ಡ ಹೆಸರು. ಮಾದರಿಯನ್ನು ಮುಂದಿಟ್ಟು ಅದರಂತೆಯೇ ಬಿಡಿಸು ಅನ್ನುವ ಶಾಲಾ ಪದ್ಧತಿಯನ್ನು ಬಿಟ್ಟು, ಮಕ್ಕಳು ತಮ್ಮ ಮನಸ್ಸಿನಿಂದ ಬಿಡಿಸಲಿ ಎಂದು 1897ರಷ್ಟು ಹಿಂದೆಯೇ ವಿಯೆನ್ನಾದಲ್ಲಿ ಮಕ್ಕಳ ಕಲಾ ತರಗತಿ ತೆರೆದವರು ಅವರು.

ಎರಡನೇ ಗುರು ಯೊಹಾನ್ನೆಸ್ ಇಟ್ಟೆನ್. ಇವರ ಕ್ಲಾಸಿನಲ್ಲಿ ಕುಂಚ ಹಿಡಿಯುವ ಮೊದಲು ಉಸಿರಾಟದ ಅಭ್ಯಾಸ, ಕೈಕಾಲು ಆಡಿಸುವ ವ್ಯಾಯಾಮ ಇರುತ್ತಿತ್ತು. ಗೆರೆ ಹುಟ್ಟೋದು ಬರೀ ಬೆರಳಲ್ಲಿ ಅಲ್ಲ, ಇಡೀ ಮೈಯಲ್ಲಿ ಎಂಬುದು ಅವರ ನಂಬಿಕೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಕಲಾಶಾಲೆ ಶುರುವಾದಾಗ ಇಟ್ಟೆನ್ ಅಲ್ಲಿಗೆ ಹೋದರು. ಫ್ರೀಡ್ಲ್ ಕೂಡ ಹಿಂದೆಯೇ ಹೊರಟರು. ಇದೇ ಇಟ್ಟೆನ್ ಮತ್ತವರ ಬೌಹೌಸ್ ಸಂಗಾತಿಗಳ ಕೃತಿಗಳು 1922ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಕತ್ತಾದಲ್ಲೂ ಪ್ರದರ್ಶನಗೊಂಡಿದ್ದವು.

ಸಮಾನತೆಯ ಮಾತಾಡುತ್ತಿದ್ದ ಬೌಹೌಸ್ ಕೂಡ ಹೆಚ್ಚಿನ ಹುಡುಗಿಯರನ್ನು ನೇಯ್ಗೆ ವಿಭಾಗಕ್ಕೇ ತಳ್ಳುತ್ತಿತ್ತು. ಫ್ರೀಡ್ಲ್ ನೇಯ್ಗೆಯನ್ನೂ ಕಲಿತರು, ಜೊತೆಗೆ ಪುಸ್ತಕ ಕಟ್ಟುವುದು, ಮುದ್ರಣ, ರಂಗಸಜ್ಜಿಕೆಯನ್ನೂ ಕಲಿತು 1923ರಲ್ಲಿ ಹೊರಬಂದರು.

ಪುಟ್ಟ ಮನೆಗಳ ಕುರ್ಚಿ, ಬೀದಿಯ ಪೋಸ್ಟರ್

ಸಹಪಾಠಿ ಫ್ರಾನ್ಜ್ ಸಿಂಗರ್ ಜೊತೆ ಮೊದಲು ಬರ್ಲಿನ್‌ನಲ್ಲಿ, ನಂತರ ವಿಯೆನ್ನಾದಲ್ಲಿ ವಿನ್ಯಾಸದ ಸ್ಟುಡಿಯೋ ನಡೆಸಿದರು. ಒಂದರ ಮೇಲೊಂದು ಪೇರಿಸಬಹುದಾದ ಕುರ್ಚಿ, ಮಡಚಿ ಇಡಬಹುದಾದ ಮೇಜು, ಹಗಲು ಸೋಫಾ ರಾತ್ರಿ ಹಾಸಿಗೆ: ಇವು ಅವರ ಸ್ಟುಡಿಯೋದ ವಿಶೇಷ. ಇದು ಶೋಕಿಯ ಸಂಗತಿಯಾಗಿರಲಿಲ್ಲ. ಆಗ ವಿಯೆನ್ನಾ ನಗರಸಭೆ ಸೋಶಿಯಲ್ ಡೆಮಾಕ್ರಟರ ಕೈಯಲ್ಲಿತ್ತು. ಕಾರ್ಮಿಕರಿಗಾಗಿ 60 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದ ಆ ಆಡಳಿತವನ್ನು ಚರಿತ್ರೆ ಕೆಂಪು ವಿಯೆನ್ನಾ ಎಂದೇ ಕರೆಯುತ್ತದೆ. ಆ ಪುಟ್ಟ ಮನೆಗಳಲ್ಲಿ ಜಾಗ ಉಳಿಸುವುದು ನಿಜವಾದ ಸಮಸ್ಯೆಯಾಗಿತ್ತು. ಗೊಯ್ಟೆಹೋಫ್ ಎಂಬ ಕಾರ್ಮಿಕರ ವಸತಿ ಸಮುಚ್ಚಯದ ಮಾಂಟೆಸರಿ ಶಿಶುವಿಹಾರಕ್ಕೆ ಮೇಜು ಕುರ್ಚಿಯಿಂದ ಹಿಡಿದು ಎಲ್ಲವನ್ನೂ ವಿನ್ಯಾಸ ಮಾಡಿಕೊಟ್ಟವರು ಇವರೇ. 1931ರ ಸುಮಾರಿಗೆ ಫ್ರೀಡ್ಲ್ ಶಿಶುವಿಹಾರದ ಶಿಕ್ಷಕಿಯರಿಗೆ ಚಿತ್ರಕಲೆಯ ಪಾಠ ಹೇಳಿಕೊಡಲು ಶುರುಮಾಡಿದರು.

ಅಷ್ಟೊತ್ತಿಗೆ ಫ್ಯಾಸಿಸಂ ಬಾಗಿಲಿಗೆ ಬಂದಿತ್ತು. ಫ್ರೀಡ್ಲ್ ಕಮ್ಯುನಿಸ್ಟ್ ಪಕ್ಷ ಸೇರಿದರು. ಪತ್ರಿಕೆಯ ಫೋಟೋಗಳನ್ನು ಕತ್ತರಿಸಿ ಅಂಟಿಸಿ ಪೋಸ್ಟರ್‌ಗಳನ್ನು ಮಾಡಿದರು. ಬಂಡವಾಳ, ಯುದ್ಧ, ಹಸಿವು, ಹಿಟ್ಲರ್ ಎಲ್ಲ ಒಂದೇ ಹಾಳೆಯಲ್ಲಿ. ಅವುಗಳ ನಡುವೆ ಈ ಲೋಕಕ್ಕೆ ಬಂದು ಬಿದ್ದ ಒಂದು ಕೂಸು. 1934ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಸರ್ಕಾರ ಕಾರ್ಮಿಕರ ವಸತಿಗಳ ಮೇಲೆಯೇ ಫಿರಂಗಿ ಹಾರಿಸಿ ಎಡಪಂಥೀಯರ ದಂಗೆಯನ್ನು ಹತ್ತಿಕ್ಕಿತು. ರಾಜಕೀಯ ಚಟುವಟಿಕೆಗಾಗಿ ಫ್ರೀಡ್ಲ್ ಬಂಧನ, ವಿಚಾರಣೆ ಎರಡನ್ನೂ ಅನುಭವಿಸಿದರು. ಬಿಡುಗಡೆಯಾದ ಮೇಲೆ ಪ್ರಾಗ್‌ಗೆ ಹೋದರು. ಆ ವಿಚಾರಣೆಯ ಕೋಣೆಯನ್ನು ಆಮೇಲೆ ಚಿತ್ರವಾಗಿ ಬಿಡಿಸಿದರು.

ಪ್ರಾಗ್‌ನಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಓಡಿಬಂದ ಕುಟುಂಬಗಳಿದ್ದವು. ಆ ಮಕ್ಕಳಿಗೆ ಫ್ರೀಡ್ಲ್ ಚಿತ್ರ ಕಲಿಸತೊಡಗಿದರು. ಊರು, ಭಾಷೆ, ಗೆಳೆಯರನ್ನು ಕಳಕೊಂಡ ಮಕ್ಕಳು ಮಾತಿನಲ್ಲಿ ಹೇಳಲಾಗದ್ದನ್ನು ಗೆರೆಯಲ್ಲಿ ಹೇಳುವುದನ್ನು ಆಕೆ ಕಣ್ಣಾರೆ ಕಂಡಿದ್ದು ಅಲ್ಲೇ. ವಿಯೆನ್ನಾದಿಂದ ಜೊತೆಗೆ ಬಂದಿದ್ದ ಶಿಷ್ಯೆ ಎಡಿತ್ ಕ್ರೇಮರ್ ಈ ಕೆಲಸದಲ್ಲಿ ಕೈಜೋಡಿಸಿದ್ದರು. 1938ರಲ್ಲಿ ಅಮೆರಿಕಕ್ಕೆ ಹೋದ ಈ ಕ್ರೇಮರ್, ಕಲೆಯ ಮೂಲಕ ಮನಸ್ಸಿನ ಚಿಕಿತ್ಸೆ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

1936ರಲ್ಲಿ ಫ್ರೀಡ್ಲ್ ತಮ್ಮ ಬಂಧು ಪಾವೆಲ್ ಬ್ರಾಂಡೈಸ್ ಅವರನ್ನು ಮದುವೆಯಾದರು. 1938ರಲ್ಲಿ ದಂಪತಿ ಹ್ರೊನೊವ್‌ಗೆ ಬಂದು ಜವಳಿ ಕಾರ್ಖಾನೆಯಲ್ಲಿ ದುಡಿದರು. ಮರುವರ್ಷ ನಾಜಿಗಳು ದೇಶವನ್ನೇ ನುಂಗಿದರು. ಪ್ಯಾಲೆಸ್ತೀನಿಗೆ ಹೋಗಿ ಪಾರಾಗುವ ದಾರಿ ಫ್ರೀಡ್ಲ್‌ಗೆ ತೆರೆದಿತ್ತು. ಗಂಡನನ್ನು ಬಿಟ್ಟು ಹೋಗಲು ಆಕೆ ಒಪ್ಪಲಿಲ್ಲ.

ತೆರೆಜಿನ್

ಹದಿನೆಂಟನೇ ಶತಮಾನದಲ್ಲಿ ಸಾಮ್ರಾಟ ಎರಡನೇ ಜೋಸೆಫ್ ತನ್ನ ತಾಯಿ ಮರಿಯಾ ತೆರೇಸಾ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಊರು ತೆರೆಜಿನ್. 1941ರ ನವೆಂಬರ್‌ನಿಂದ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಘೆಟ್ಟೋ ಮಾಡಿದರು. ಅಲ್ಲಿಗೆ ಒಟ್ಟು 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರನ್ನು ತಂದರು. ಹಸಿವು, ಟೈಫಸ್, ಚಳಿಯಿಂದ ಅಲ್ಲೇ ಸತ್ತವರು ಸುಮಾರು 33 ಸಾವಿರ. ಅಲ್ಲಿಂದ ಸಾವಿನ ಶಿಬಿರಗಳಿಗೆ ಮತ್ತು ಪೂರ್ವದ ಇತರ ಜಾಗಗಳಿಗೆ ಸಾಗಿಸಿದ್ದು ಸುಮಾರು 88 ಸಾವಿರ ಮಂದಿಯನ್ನು.

ಫ್ರೀಡ್ಲ್ ದಂಪತಿಯನ್ನು ತಂದಿದ್ದು 1942ರ ಡಿಸೆಂಬರ್ 17ರಂದು. ಘೆಟ್ಟೋದಲ್ಲಿ ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧವಾಗಿತ್ತು. ಆದರೆ ಹಾಡು, ಆಟ, ಚಿತ್ರ, ಕರಕುಶಲದಂಥವಕ್ಕೆ ಅಡ್ಡಿ ಇರಲಿಲ್ಲ. ಚಿತ್ರ ಬಿಡಿಸುವುದರಿಂದ ಏನು ಮಹಾ ಆಗುತ್ತೆ ಅನ್ನುವ ತಾತ್ಸಾರ ಅದು. ಸ್ವತಃ ಖೈದಿಗಳಾಗಿದ್ದ ಶಿಕ್ಷಕರು ಇದೇ ಕಿಂಡಿಯಲ್ಲಿ ಇಡೀ ಶಾಲೆಯನ್ನೇ ಒಳಗೆ ತಂದರು. ಕಾವಲಿಗೆ ಒಬ್ಬರನ್ನು ನಿಲ್ಲಿಸಿ ಗಣಿತ, ಚರಿತ್ರೆ, ಭಾಷೆ ಎಲ್ಲ ಕಲಿಸಿದರು.

ಎಲ್ 410 ಎಂಬುದು ಹುಡುಗಿಯರ ವಸತಿ. ಹೆಚ್ಚಿನವರು ನಮ್ಮ ಲೆಕ್ಕದಲ್ಲಿ ಮಿಡ್ಲ್ ಸ್ಕೂಲು, ಹೈಸ್ಕೂಲು ವಯಸ್ಸಿನವರು. ಒಂದು ಕೋಣೆಯಲ್ಲಿ ಸುಮಾರು 30 ಜನ, ಮೂರಂತಸ್ತಿನ ಮರದ ಮಂಚಗಳು. ಫ್ರೀಡ್ಲ್ ಅವರ ಕ್ಲಾಸು ನಡೆದದ್ದು ಇಲ್ಲಿ. ಬಣ್ಣ ಅಪರೂಪ, ಪೆನ್ಸಿಲ್ಲು ಮೋಟು. ಕಾಗದಕ್ಕೆ ಕಚೇರಿಯ ಹಳೇ ಫಾರಂಗಳ ಹಿಂಬದಿ, ಸುತ್ತಿ ಬಂದ ರದ್ದಿ. ಆ ಫಾರಂಗಳನ್ನೇ ಹರಿದು ಅಂಟಿಸಿ ಮಕ್ಕಳು ಕೊಲಾಜ್ ಮಾಡಿದರು. ಗೆರೆ ತುಂಬಿದ ಲೆಡ್ಜರ್ ಹಾಳೆ ಒಬ್ಬ ಹುಡುಗಿಯ ಕೈಯಲ್ಲಿ ಬೆಟ್ಟವಾಗುತ್ತಿತ್ತು, ಇನ್ನೊಬ್ಬಳ ಕೈಯಲ್ಲಿ ಹೊಳೆಯಾಗುತ್ತಿತ್ತು.

ಕ್ಲಾಸಿಗೊಂದು ಶಿಸ್ತಿತ್ತು. ಇಟ್ಟೆನ್ ಕಲಿಸಿದ್ದ ಉಸಿರಾಟ, ಲಯದ ಅಭ್ಯಾಸಗಳಿಂದ ಪಾಠ ಶುರು. ಶಿಕ್ಷಕಿ ತಾಳ ಹಾಕಿದಂತೆ ಮಕ್ಕಳ ಗೆರೆ ಓಡಬೇಕು. ಆಮೇಲೆ ಎದುರಿಗಿಟ್ಟ ಚೊಂಬನ್ನೋ ಹೂವನ್ನೋ ಗಮನವಿಟ್ಟು ನೋಡಿ ಬಿಡಿಸುವುದು. ವರ್ಮೀರ್‌ನಂಥ ಹಳೆಯ ಮಹಾನ್ ಕಲಾವಿದರ ಚಿತ್ರಗಳಲ್ಲಿ ಬೆಳಕು ಎಲ್ಲಿದೆ, ತೂಕ ಎಲ್ಲಿದೆ ಎಂದು ಹುಡುಕುವುದು. ಕೊನೆಗೆ ತನಗೆ ಬೇಕಾದ್ದನ್ನು ಬಿಡಿಸುವ ಸ್ವಾತಂತ್ರ್ಯ. ಕೆಲವರು ಮೂರಂತಸ್ತಿನ ಮಂಚ, ಊಟದ ಸಾಲು, ಸತ್ತವರನ್ನು ಸಾಗಿಸುವ ಗಾಡಿ ಬಿಡಿಸಿದರು. ಹೆಚ್ಚಿನವರು ಮನೆ, ಚಿಟ್ಟೆ, ಹೂದೋಟ, ಊರಿಗೆ ಹೋಗುವ ರೈಲು ಬಿಡಿಸಿದರು. ಎರಡನ್ನೂ ಫ್ರೀಡ್ಲ್ ಒಂದೇ ಗೌರವದಿಂದ ನೋಡಿದರು. ತಿದ್ದಲಿಲ್ಲ, ಅಂಕ ಕೊಡಲಿಲ್ಲ.

ನಮ್ಮ ಶಾಲೆಗಳಲ್ಲಿ ಬೆಳೆದವರಿಗೆ ಒಂದು ಚಿತ್ರ ಗ್ಯಾರಂಟಿ ಗೊತ್ತು: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಗುಡಿಸಲು, ತೆಂಗಿನ ಮರ. ಬೋರ್ಡಿನ ಮೇಲಿನ ಆ ಸೀನರಿಯನ್ನು ಹಾಗೇ ಇಳಿಸಿದವರಿಗೆ ಗುಡ್. ಫ್ರೀಡ್ಲ್ ಇಡೀ ಜೀವಮಾನ ವಿರೋಧಿಸಿದ್ದು ಇದನ್ನೇ. ದೊಡ್ಡವರು ಸಿದ್ಧ ಮಾದರಿಯನ್ನು ಮುಂದಿಟ್ಟ ಕೂಡಲೇ ಮಗು ತನ್ನ ಕಣ್ಣಿನ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುತ್ತದೆ, ಹಾಗೆ ಬೆಳೆದವನು ಮುಂದೆ ಯಾರೋ ಹೇಳಿದ್ದನ್ನೇ ಕಾಣುತ್ತಾನೆ ಎಂಬ ಆತಂಕ ಆಕೆಯದು. ಫ್ಯಾಸಿಸಂ ನಡೆಯುವುದೇ ಅಂಥ ಕಣ್ಣುಗಳ ಮೇಲೆ. ಪೋಸ್ಟರ್ ಮಾಡಿದ ಕೈಗೂ ಡ್ರಾಯಿಂಗ್ ಕ್ಲಾಸಿಗೂ ಇರುವ ಕೊಂಡಿ ಇದು.

ಇನ್ನೊಂದು ನಿಯಮವನ್ನು ಆಕೆ ಬಿಟ್ಟುಕೊಡಲಿಲ್ಲ. ಪ್ರತಿ ಮಗುವೂ ತನ್ನ ಚಿತ್ರಕ್ಕೆ ತನ್ನ ಹೆಸರು ಬರೆಯಬೇಕು. ನಾಜಿ ದಾಖಲೆಯಲ್ಲಿ ಆ ಮಕ್ಕಳೆಲ್ಲ ಸಾಗಾಣಿಕೆಯ ನಂಬರ್‌ಗಳಾಗಿದ್ದರು. ಕ್ಲಾಸಿನ ಹಾಳೆಯ ಮೂಲೆಯಲ್ಲಿ ಮಾತ್ರ ಅವರು ಹೆಸರಿದ್ದ ಮನುಷ್ಯರು.

1943ರ ಜುಲೈನಲ್ಲಿ ಘೆಟ್ಟೋದ ಒಂದು ನೆಲಮಾಳಿಗೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಸಹಶಿಕ್ಷಕರಿಗೆ ಮಕ್ಕಳ ಚಿತ್ರಕಲೆಯ ಬಗ್ಗೆ ಫ್ರೀಡ್ಲ್ ಉಪನ್ಯಾಸವನ್ನೂ ಕೊಟ್ಟರು. ಮಕ್ಕಳನ್ನೆಲ್ಲ ಕಲಾವಿದರನ್ನಾಗಿ ಮಾಡುವುದು ತನ್ನ ಗುರಿಯಲ್ಲ, ಅವರೊಳಗಿನ ಸೃಷ್ಟಿಶಕ್ತಿಯನ್ನು ಬಿಡಿಸಿ ಹೊರತರುವುದಷ್ಟೇ ಗುರಿ ಎಂಬುದು ಅದರ ಸಾರ.

ಚಿತ್ರವನ್ನು ನಾಜಿಗಳು ನಿಜಕ್ಕೂ ನಿರುಪದ್ರವಿ ಎಂದುಕೊಂಡಿದ್ದರೇ? ಇಲ್ಲ. 1944ರ ಜೂನ್ 23ರಂದು ರೆಡ್‌ಕ್ರಾಸ್ ತಂಡಕ್ಕೆ ತೋರಿಸಲು ಇಡೀ ತೆರೆಜಿನ್‌ಗೆ ಸುಣ್ಣ ಬಣ್ಣ ಹೊಡೆಸಲಾಗಿತ್ತು. ಅದಾದ ಮುಂದಿನ ತಿಂಗಳೇ, ಘೆಟ್ಟೋದ ನಿಜರೂಪವನ್ನು ಗುಟ್ಟಾಗಿ ಬಿಡಿಸಿದ್ದ ಬೆಡ್ರಿಚ್ ಫ್ರಿಟ್ಟಾ, ಲಿಯೋ ಹಾಸ್ ಮುಂತಾದ ಕಲಾವಿದರನ್ನು ಬಂಧಿಸಿ ಹಿಂಸಿಸಲಾಯಿತು.

ಎರಡು ಸೂಟ್‌ಕೇಸು

1944ರ ಸೆಪ್ಟೆಂಬರ್ 28ರಿಂದ ಒಂದು ತಿಂಗಳಲ್ಲಿ ತೆರೆಜಿನ್‌ನಿಂದ ಆಶ್ವಿಟ್ಜ್‌ಗೆ 11 ರೈಲುಗಳು ಹೊರಟವು. 18 ಸಾವಿರಕ್ಕೂ ಹೆಚ್ಚು ಜನ ಹೋದರು. ಮೊದಲ ರೈಲಿನಲ್ಲೇ ಪಾವೆಲ್ ಅವರನ್ನು ಕಳಿಸಿದರು. ಗಂಡ ಇರುವಲ್ಲಿಗೆ ಹೋಗುತ್ತೇನೆಂದು ಫ್ರೀಡ್ಲ್ ತಾವಾಗಿಯೇ ಹೆಸರು ಕೊಟ್ಟರು. ಹೊರಡುವ ಮುನ್ನ ಮಕ್ಕಳ ಚಿತ್ರಗಳನ್ನೆಲ್ಲ ಎರಡು ಸೂಟ್‌ಕೇಸುಗಳಲ್ಲಿ ಜೋಡಿಸಿಟ್ಟರು. ಅಕ್ಟೋಬರ್ 6ರಂದು ರೈಲು ಹತ್ತಿದರು. ಅದೇ ರೈಲಿನಲ್ಲಿ ಅವರ ಹಲವು ಶಿಷ್ಯೆಯರೂ ಇದ್ದರು. ಅಕ್ಟೋಬರ್ 9ರಂದು ಬಿರ್ಕೆನೌನಲ್ಲಿ ಫ್ರೀಡ್ಲ್ ಅವರನ್ನು ಕೊಲ್ಲಲಾಯಿತು. ಅವರಿಗೆ 46 ವರ್ಷ. ಪಾವೆಲ್ ಬದುಕುಳಿದರು.

ಯುದ್ಧ ಮುಗಿದ ಮೇಲೆ, 1945ರಲ್ಲಿ, ಹುಡುಗಿಯರ ವಸತಿ ನೋಡಿಕೊಳ್ಳುತ್ತಿದ್ದ ವಿಲ್ಲಿ ಗ್ರೋಗ್ ಆ ಸೂಟ್‌ಕೇಸುಗಳನ್ನು ಪ್ರಾಗ್‌ನ ಯಹೂದಿ ಸಮುದಾಯಕ್ಕೆ ತಂದೊಪ್ಪಿಸಿದರು. ಒಳಗೆ ಸುಮಾರು 4,500 ಚಿತ್ರಗಳಿದ್ದವು. ಅವು ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಹೆಸರು ಬರೆಯಿಸಿದ್ದ ಕಾರಣಕ್ಕೇ ಯಾವ ಚಿತ್ರ ಯಾರದ್ದು, ಆ ಮಗು ಏನಾಯಿತು ಎಂದು ದಾಖಲೆಗಳ ಜೊತೆ ತಾಳೆ ನೋಡಲು ಸಾಧ್ಯವಾಯಿತು. ಬಿಡಿಸಿದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಕಲೆ ಆ ಮಕ್ಕಳನ್ನು ಕಾಪಾಡಿತು ಅಂತ ಹೇಳುವುದು ಸುಳ್ಳು. ಕಾಗದ, ಬಣ್ಣ ಯಾವ ರೈಲನ್ನೂ ನಿಲ್ಲಿಸಲಿಲ್ಲ. ಆದರೆ ಕೊಲ್ಲುವ ಮೊದಲು ಮನುಷ್ಯರನ್ನು ನಂಬರ್ ಮಾಡುವ ಕೆಲಸ ಇರುತ್ತದಲ್ಲ, ಅದು ಆ ಕೋಣೆಯಲ್ಲಿ ಸೋತಿತು. ವಾರಕ್ಕೆ ಕೆಲವು ತಾಸು ಒಬ್ಬ ಹುಡುಗಿ ತಾನು ಏನು ನೋಡಬೇಕು, ಹೇಗೆ ಬಿಡಿಸಬೇಕು ಅಂತ ತಾನೇ ತೀರ್ಮಾನಿಸಿದಳು. ಆಕೆಗೆ ಬೇರೆ ಯಾವ ತೀರ್ಮಾನದ ಹಕ್ಕೂ ಉಳಿದಿರಲಿಲ್ಲ.

ನಮ್ಮ ಹೈಸ್ಕೂಲುಗಳಲ್ಲಿ ಗಣಿತದ ಪೋರ್ಷನ್ ಮುಗಿದಿಲ್ಲ ಅಂದರೆ ಮೊದಲು ಬಲಿಯಾಗೋದು ಡ್ರಾಯಿಂಗ್ ಪೀರಿಯಡ್ಡು. ಪರೀಕ್ಷೆಗೆ ಬರದ ವಿಷಯ ತಾನೇ ಎಂಬ ಧೋರಣೆ. ಶಿಕ್ಷಣದ ಹಕ್ಕಿನ ಬಗ್ಗೆ ಮಾತಾಡುವ ನಾವೂ ಆ ಪೀರಿಯಡ್ಡಿನ ಬಗ್ಗೆ ಕೇಳುವುದು ಕಡಿಮೆ. 50 ಕಿಲೋ ಲೆಕ್ಕದಲ್ಲಿ ಬದುಕು ಕಟ್ಟಿಕೊಂಡು ಹೊರಟಾಗಲೂ ಒಬ್ಬ ಟೀಚರ್ ಅದಕ್ಕೆ ಜಾಗ ಮಾಡಿದ್ದರು. ನಮ್ಮ ಟೈಮ್‌ಟೇಬಲ್ಲಿನಲ್ಲಿ ಜಾಗ ಇಲ್ಲ ಅನ್ನುವುದಾದರೆ, ಅಲ್ಲಿ ಏನೇನು ತುಂಬಿದ್ದೇವೆ ಅಂತ ಒಮ್ಮೆ ಬಿಚ್ಚಿ ನೋಡಬೇಕು.