ಸೋಫಿಯಾ ಕೊವಲೆವ್‌ಸ್ಕಾಯಾ ಎಂಬ ವಿದುಷಿಯ ಚರಿತ್ರೆ

ರಷ್ಯಾ ದೇಶದ ಸ್ತ್ರೀಯರು ತಮ್ಮ ಹಕ್ಕುಗಳಿಗಾಗಿ ನಡಿಸಿದ ಪ್ರಯತ್ನದಲ್ಲಿ ವಿದ್ಯೆಗೆ ದೊಡ್ಡ ಸ್ಥಾನವುಂಟು. 1863ರ ನಿಬಂಧನೆಗಳು ಅವರನ್ನು ವಿಶ್ವವಿದ್ಯಾನಿಲಯಗಳಿಂದ ಹೊರಗಿಟ್ಟಿದ್ದವು. ಆ ಮುಚ್ಚಿದ ಬಾಗಲನ್ನು ತಟ್ಟಿದವರಲ್ಲಿ ಒಬ್ಬಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಸಂಕ್ಷೇಪವಾಗಿ ತಿಳಿಸುವೆವು.

ಸೋಫಿಯಾ 1850ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆಯು ಫಿರಂಗಿ ದಳದ ಸೇನಾಧಿಪತಿ. ಪಾಲಿಬಿನೋ ಎಂಬ ಹಳ್ಳಿಯ ಮನೆಯಲ್ಲಿ ಮಕ್ಕಳ ಕೋಣೆಯ ಗೋಡೆಗೆ ಬಣ್ಣದ ಕಾಗದವು ಸಾಲದೆಹೋದುದರಿಂದ, ತಂದೆಯ ಬಳಿಯಿದ್ದ ಉಚ್ಚ ಗಣಿತದ ಪಾಠಗಳ ಹಾಳೆಗಳನ್ನೇ ಅಂಟಿಸಿದ್ದರು. ಬಾಲೆಯು ಆ ಅರ್ಥವಾಗದ ಚಿಹ್ನೆಗಳನ್ನು ಬಹಳ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು.

ಹೆಚ್ಚಿನ ವಿದ್ಯೆಗೆ ಪರದೇಶವೇ ಗತಿ. ಆದರೆ ತಂದೆಯ ಇಲ್ಲವೆ ಗಂಡನ ಒಪ್ಪಿಗೆಯಿಲ್ಲದೆ ಹೆಂಗಸಿಗೆ ರಹದಾರಿಯು ದೊರೆಯದು. ಆದಕಾರಣ 1868ರಲ್ಲಿ ವ್ಲಾದಿಮಿರ್ ಕೊವಲೆವ್‌ಸ್ಕಿ ಎಂಬ ತರುಣನನ್ನು ಹೆಸರಿಗೆ ಮಾತ್ರ ಮದುವೆಯಾದಳು. (ಮುಂದೆ ಅವರು ನಿಜವಾಗಿಯೇ ಸಂಸಾರ ಹೂಡಿದರು.) ವಿವಾಹವನ್ನು ಪವಿತ್ರವೆಂದೆಣಿಸುವ ನಾವು ಈ ಉಪಾಯವನ್ನು ಕೊಂಡಾಡಲಾರೆವು, ಆದರೂ ಪಾಠ ಕೇಳಬೇಕೆಂಬ ಹುಡುಗಿಯನ್ನು ಇಂಥ ಇಕ್ಕಟ್ಟಿಗೆ ನೂಕಿದ ಕಾಯಿದೆಯ ತಪ್ಪೇ ಹೆಚ್ಚಿನದೆಂದು ಬಗೆಯುತ್ತೇವೆ.

1870ರಲ್ಲಿ ಆಕೆಯು ಬರ್ಲಿನಿಗೆ ಹೋದಳು. ಅಲ್ಲಿಯ ವಿಶ್ವವಿದ್ಯಾನಿಲಯವೂ ಸೇರಿಸಿಕೊಳ್ಳಲಿಲ್ಲ. ಗಣಿತಾಚಾರ್ಯನಾದ ವೈಯರ್‌ಸ್ಟ್ರಾಸನು ಆಕೆಯ ಬುದ್ಧಿಯನ್ನು ಪರೀಕ್ಷಿಸಿ ನೋಡಿ, ನಾಲ್ಕು ವರುಷ ತಾನೇ ಪ್ರತ್ಯೇಕವಾಗಿ ಪಾಠ ಹೇಳಿದನು. 1874ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನಿತ್ತಿತು. ಈ ಪದವಿಯೊಡನೆ ಸ್ವದೇಶಕ್ಕೆ ಮರಳಿದವಳಿಗೆ ಅಲ್ಲಿ ತೆರೆದಿದ್ದ ಕೆಲಸವೆಂದರೆ ಹೆಣ್ಣುಮಕ್ಕಳ ಶಾಲೆಯ ಕೆಳತರಗತಿಗಳಿಗೆ ಅಂಕಗಣಿತ ಕಲಿಸುವದು! ಚಿಕ್ಕವರಿಗೆ ಲೆಕ್ಕ ಹೇಳಿಕೊಡುವದು ಹೀನವೆಂದು ನಮ್ಮ ಅಭಿಪ್ರಾಯವಲ್ಲ. ಅದಕ್ಕಿಂತ ಮೇಲೇರಲು ಮೆಟ್ಟಲೇ ಇಲ್ಲದಿದ್ದುದು ಅನ್ಯಾಯ.

ತ್ರುಬ್ನಿಕೊವಾ, ಸ್ತಾಸೊವಾ, ಫಿಲೊಸೊಫೊವಾ ಎಂಬ ಮಹಿಳೆಯರು ವರುಷಗಟ್ಟಲೆ ದುಡಿದುದರ ಫಲವಾಗಿ 1878ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಸ್ತ್ರೀಯರಿಗೆ ಉನ್ನತ ವಿದ್ಯಾಲಯವೊಂದು ತೆರೆಯಿತು. ಸೋಫಿಯಾ ಅದಕ್ಕೆ ನೆರವಾದಳು. ಆದರೆ ಅಲ್ಲಿ ಬೋಧಿಸುವ ಅವಕಾಶವು ಆಕೆಗೆ ಲಭಿಸಲಿಲ್ಲ.

1883ರಲ್ಲಿ ಗಂಡನು ಹಣದ ನಷ್ಟಕ್ಕೊಳಗಾಗಿ ತಾನೇ ಪ್ರಾಣ ಕಳೆದುಕೊಂಡನು. ಐದು ವರುಷದ ಮಗಳಿದ್ದ ಆ ವಿಧವೆಯನ್ನು ಸ್ವೀಡನ್ ದೇಶದ ಸ್ಟಾಕ್‌ಹೋಮ್ ವಿದ್ಯಾಪೀಠವು ಕರೆಯಿತು. ಅಲ್ಲಿ 1884ರಲ್ಲಿ ಪ್ರಾಧ್ಯಾಪಕಿಯಾದಳು. 1888ರಲ್ಲಿ, ತಿರುಗುವ ಘನವಸ್ತುವಿನ ಚಲನೆಯನ್ನು ಕುರಿತ ಪ್ರಬಂಧಕ್ಕೆ ಪ್ಯಾರಿಸಿನ ವಿಜ್ಞಾನ ಪರಿಷತ್ತಿನ ಬಹುಮಾನವು ಬಂದಿತು. ಪ್ರಬಂಧಗಳ ಮೇಲೆ ಬರೆದವರ ಹೆಸರು ಇರಕೂಡದೆಂಬ ನಿಯಮವಿದ್ದಿತು. ಪಂಡಿತರು ಇದನ್ನು ಓದಿ, 3000 ಫ್ರಾಂಕುಗಳ ಬಹುಮಾನವನ್ನು 5000ಕ್ಕೆ ಏರಿಸಿದರು.

ಮರುವರುಷ ರಷ್ಯಾದ ವಿಜ್ಞಾನ ಪರಿಷತ್ತು ಆಕೆಯನ್ನು ತನ್ನ ಗೌರವದ ಪಟ್ಟಿಗೆ ಸೇರಿಸಿತು. ಉದ್ಯೋಗವನ್ನು ಮಾತ್ರ ಕೊಡಲಿಲ್ಲ. 1891ರ ಫೆಬ್ರವರಿಯಲ್ಲಿ, 41ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಜ್ವರದಿಂದ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಇದೆ.