ಆಫ್ರಿಕಾವನ್ನು ಕಾಣದೆಯೇ ಆಫ್ರಿಕಾಕ್ಕೆ ತಾಯಿಯಾದವಳು: ಧನ್ಯ ಮರಿಯಾ ತೆರೇಸಾ ಲೆದುಖೋವ್‌ಸ್ಕಾ

ಧರ್ಮಪ್ರಚಾರಕರೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಸಾಮಾನ್ಯವಾಗಿ ಒಂದೇ. ಹುಟ್ಟಿದ ಮನೆಯನ್ನು ತೊರೆದು, ಹಡಗನ್ನೇರಿ, ಕಡಲು ದಾಟಿ, ಅರಿಯದ ನಾಡಿನಲ್ಲಿ ಅರಿಯದ ನುಡಿಯನ್ನು ಕಲಿತು, ಜ್ವರದಿಂದ ನರಳಿ, ಕೊನೆಗೆ ಅಲ್ಲಿಯ ಮಣ್ಣಿಗೇ ಒಡಲನ್ನೊಪ್ಪಿಸಿದ ಮಹನೀಯರ ಚಿತ್ರವದು. ಅವರಿಗೆ ನಮ್ಮ ನಮನ ಸಲ್ಲತಕ್ಕದ್ದೇ. ಆದರೆ ಅವರು ಕಟ್ಟಿದ ಹಳ್ಳಿಯ ಶಾಲೆಗೆ ಹಣವೆಲ್ಲಿಂದ ಬಂತು? ಮಕ್ಕಳ ಕೈಯಲ್ಲಿದ್ದ ಅಕ್ಷರಪುಸ್ತಕವನ್ನು ಅಚ್ಚುಹಾಕಿಸಿದವರಾರು? ಪಾಠ ಹೇಳಿದ ಉಪದೇಶಿಯ ಹೊಟ್ಟೆಗೆ ಅನ್ನ ಒದಗಿಸಿದವರಾರು? ಈ ಪ್ರಶ್ನೆಗಳನ್ನು ಕೇಳುವವರು ವಿರಳ. ಇವುಗಳಿಗೆ ಉತ್ತರ ಹುಡುಕುತ್ತ ಹೊರಟರೆ, ಆಫ್ರಿಕಾದ ನೆಲದ ಮೇಲೆ ಒಮ್ಮೆಯೂ ಕಾಲಿಡದೆ ತನ್ನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಆಫ್ರಿಕಾಕ್ಕಾಗಿಯೇ ಸವೆಸಿದ ಓರ್ವ ಮಹಿಳೆಯ ಬಳಿಗೆ ನಾವು ಬಂದು ನಿಲ್ಲುತ್ತೇವೆ. ಆಕೆಯೇ ಧನ್ಯ ಮರಿಯಾ ತೆರೇಸಾ ಲೆದುಖೋವ್‌ಸ್ಕಾ.

ಮರಿಯಾ ತೆರೇಸಾ 1863ರ ಏಪ್ರಿಲ್ 29ರಂದು ಆಸ್ಟ್ರಿಯಾ ದೇಶದ ಲೂಸ್‌ಡೋರ್ಫ್ ಎಂಬ ಊರಿನಲ್ಲಿ ಜನಿಸಿದಳು. ತಂದೆ ಕೌಂಟ್ ಅಂತೋನಿ ಪೋಲೆಂಡಿನ ಪ್ರಾಚೀನ ಮನೆತನದವರು. ತಾಯಿ ಜೋಸೆಫಿನ್ ಸ್ವಿಟ್ಜರ್ಲೆಂಡಿನ ಕುಲೀನ ವಂಶದವಳು. ಆ ಮನೆಯಲ್ಲಿ ಭಕ್ತಿಯೂ ವಿದ್ಯೆಯೂ ಜೊತೆಜೊತೆಯಾಗಿ ಬೆಳೆದವು. ತಂಗಿ ಯೂಲಿಯಾ ಮುಂದೆ ಊರ್ಸುಲಾ ಎಂಬ ಹೆಸರಿನಿಂದ ಕನ್ಯಾಸ್ತ್ರೀಯಾಗಿ, ಒಂದು ಸಭೆಯನ್ನೇ ಸ್ಥಾಪಿಸಿ, 2003ರಲ್ಲಿ ಸಂತಪದವಿಗೇರಿದಳು. ತಮ್ಮ ವ್ಲಾದಿಮೀರ್ 1915ರಿಂದ 1942ರವರೆಗೆ ಯೇಸುಸಭೆಯ ಮಹಾಶ್ರೇಷ್ಠರಾಗಿದ್ದರು. ಬಂಧು ಕಾರ್ಡಿನಲ್ ಮಿಯೆಚಿಸ್ಲಾವ್, ಧರ್ಮಸಭೆಯ ಸ್ವಾತಂತ್ರ್ಯಕ್ಕಾಗಿ ಪ್ರಷ್ಯಾ ಸರ್ಕಾರದ ಸೆರೆಮನೆಯಲ್ಲಿ ಎರಡು ವರ್ಷ ಕಳೆದವರು. ಇಂತಹ ಮನೆಯ ಮಗಳಿಗೆ ಲೇಖನಿಯ ಮೇಲೆ ಬಾಲ್ಯದಿಂದಲೇ ಒಲವಿತ್ತು. ಸಂಗೀತ, ಚಿತ್ರಕಲೆ, ಭಾಷೆಗಳಲ್ಲಿಯೂ ಆಕೆ ನಿಪುಣೆಯಾಗಿದ್ದಳು. ಲೋಕವು ಆಕೆಯನ್ನು ಕೈಬೀಸಿ ಕರೆಯುತ್ತಿತ್ತು.

1885ರ ಸುಮಾರಿಗೆ ಆ ಮನೆಗೆ ಸಿಡುಬು ಬಡಿಯಿತು. ಮರಿಯಾ ತೆರೇಸಾ ಸಾವಿನ ಬಾಗಿಲವರೆಗೆ ಹೋಗಿ ಹಿಂದಿರುಗಿದಳು, ತಂದೆ ಹಿಂದಿರುಗಲಿಲ್ಲ. ರೋಗಶಯ್ಯೆಯಲ್ಲಿ ಆಕೆ ತನ್ನ ಉಳಿದ ಬಾಳನ್ನು ದೇವರಿಗೆ ಒಪ್ಪಿಸಲು ನಿರ್ಧರಿಸಿದಳು. ಆದರೆ ಹೇಗೆ, ಎಲ್ಲಿ, ಯಾವ ಸೇವೆಯಲ್ಲಿ ಎಂಬುದು ತಿಳಿದಿರಲಿಲ್ಲ. ಸಂಸಾರಕ್ಕೆ ಆಸರೆ ಬೇಕಾಗಿದ್ದ ಆ ಹೊತ್ತಿನಲ್ಲಿ, ರಾಜ್ಯ ಕಳೆದುಕೊಂಡು ಸಾಲ್ಜ್‌ಬರ್ಗ್ ನಗರದಲ್ಲಿ ನೆಲೆಸಿದ್ದ ಟಸ್ಕನಿಯ ರಾಜಕುಟುಂಬದಲ್ಲಿ ರಾಣಿವಾಸದ ಸಖಿಯಾಗಿ ಆಕೆ ಸೇರಿಕೊಂಡಳು. ರೇಷ್ಮೆಯ ಉಡುಗೆ, ದೀಪಗಳ ಸಾಲು, ಔತಣಕೂಟಗಳ ನಡುವೆ ದೇವರ ಕರೆ ಕಾಯುತ್ತಿತ್ತು.

ಆ ಕರೆಯ ಮೊದಲ ದನಿ ಭಿಕ್ಷಾಪಾತ್ರೆಯ ರೂಪದಲ್ಲಿ ಬಂದಿತು. 1886ರಲ್ಲಿ ಮರಿಯಾಳ ಫ್ರಾನ್ಸಿಸ್ಕನ್ ಧರ್ಮಪ್ರಚಾರಕ ಸಭೆಯ ಇಬ್ಬರು ಕನ್ಯಾಸ್ತ್ರೀಯರು ತಮ್ಮ ಸೇವೆಗೆ ಸಹಾಯ ಬೇಡಿ ಅರಮನೆಗೆ ಬಂದರು. ಈ ಸಭೆ 1877ರಲ್ಲಿ ಆರಂಭವಾದದ್ದು ನಮ್ಮ ನೆರೆಯ ನೀಲಗಿರಿಯ ಊಟಿಯಲ್ಲಿ ಎಂಬುದನ್ನು ನಮ್ಮ ಜನ ಸಂತೋಷದಿಂದ ನೆನೆಯಬಹುದು. ನೀಲಗಿರಿಯ ಬೆಟ್ಟದಲ್ಲಿ ಹಚ್ಚಿದ ಹಣತೆಯ ಬೆಳಕು ಆಸ್ಟ್ರಿಯಾದ ಅರಮನೆಯನ್ನು ಹೊಕ್ಕು, ಅಲ್ಲಿಂದ ಆಫ್ರಿಕಾದ ಹಳ್ಳಿಗಳತ್ತ ಸಾಗಿತು. ದೇವರ ಯೋಜನೆಯಲ್ಲಿ ದೂರವೆಂಬುದಿಲ್ಲ. ದೂರದೇಶದ ಸೇವೆಯ ವಿಚಾರವನ್ನು ಮರಿಯಾ ತೆರೇಸಾ ಮನಗೊಟ್ಟು ಆಲಿಸಿದ್ದು ಆಗಲೇ.

ಎರಡನೆಯ ದನಿ ಇನ್ನೂ ತೀಕ್ಷ್ಣವಾಗಿತ್ತು. ಜಂಜಿಬಾರಿನ ಗುಲಾಮರ ಸಂತೆ 1873ರಲ್ಲೇ ಮುಚ್ಚಿದ್ದರೂ, ಆಫ್ರಿಕಾದ ಒಳನಾಡಿನಲ್ಲಿ ಮನುಷ್ಯರನ್ನು ಹಿಡಿದು, ಕೊರಳಿಗೆ ನೊಗ ಬಿಗಿದು ಸಾಗಿಸುವ ಕ್ರೂರ ವ್ಯಾಪಾರ ನಿಂತಿರಲಿಲ್ಲ. ಅಲ್ಜಿಯರ್ಸಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಲವಿಜೆರಿಯವರು ಜಗದ್ಗುರು ಹದಿಮೂರನೆಯ ಲಿಯೋರವರ ಆಜ್ಞೆಯಂತೆ 1888ರಲ್ಲಿ ಪ್ಯಾರಿಸ್, ಲಂಡನ್ ಮೊದಲಾದ ನಗರಗಳಲ್ಲಿ ಈ ಅನ್ಯಾಯದ ವಿರುದ್ಧ ಗುಡುಗಿದರು. ಲಂಡನ್ ಭಾಷಣದ ಕಿರುಹೊತ್ತಗೆಯೊಂದು ಮರಿಯಾ ತೆರೇಸಾಳ ಕೈಸೇರಿತು. ಅದರಲ್ಲಿ ಕಾರ್ಡಿನಲರು ಯುರೋಪಿನ ಕ್ರೈಸ್ತ ಸ್ತ್ರೀಯರಿಗೆ ವಿಶೇಷ ಬಿನ್ನಹ ಮಾಡಿದ್ದರು: ಬರೆಯುವ ವರವನ್ನು ದೇವರಿಂದ ಪಡೆದವರು ಅದನ್ನು ಈ ದೀನರ ಬಿಡುಗಡೆಗಾಗಿ ಬಳಸಬೇಕೆಂಬುದು ಅದರ ಸಾರ. ತನಗಾಗಿಯೇ ಬರೆದ ಕಾಗದವನ್ನು ಓದಿದಂತಾಯಿತು ಆಕೆಗೆ. ಮರುವರ್ಷ ಸ್ವಿಟ್ಜರ್ಲೆಂಡಿನ ಬ್ರುನ್ನೆನ್ ಎಂಬ ಸರೋವರ ತೀರದ ಊರಿನಲ್ಲಿ ಕಾರ್ಡಿನಲರನ್ನು ಕಂಡು ಅವರ ಆಶೀರ್ವಾದ ಪಡೆದಳು.

ಅಂದಿನಿಂದ ಲೇಖನಿಯೇ ಆಕೆಯ ಆಯುಧವಾಯಿತು. ಜೈದಾ ಎಂಬ ಆಫ್ರಿಕನ್ ಬಾಲೆಯ ಕಥೆಯುಳ್ಳ ನಾಟಕವೊಂದನ್ನು ರಚಿಸಿದಳು. ಕುಲೀನ ಸ್ತ್ರೀಯೊಬ್ಬಳು ತನ್ನ ಹೆಸರಿನಲ್ಲಿ ಬರೆಯುವುದು ಸುಲಭವಲ್ಲದ ಕಾಲವಾದ್ದರಿಂದ ಅಲೆಕ್ಸಾಂಡರ್ ಹಾಲ್ಕಾ ಎಂಬ ಗಂಡಸಿನ ಹೆಸರನ್ನು ಧರಿಸಿದಳು. 1889ರಲ್ಲಿ ಆಫ್ರಿಕಾದ ಪ್ರತಿಧ್ವನಿ ಎಂಬ ಅರ್ಥದ ಹೆಸರಿನ ಪತ್ರಿಕೆಗೆ ಅಂಕುರಾರ್ಪಣೆ ಮಾಡಿದಳು. ಧರ್ಮಪ್ರಚಾರಕರು ಬರೆದ ಕಾಗದಗಳೇ ಅದರ ಜೀವಾಳ. ಯಾವ ಊರಿನಲ್ಲಿ ಶಾಲೆಗೆ ಸೂರಿಲ್ಲ, ಯಾವ ಊರಿನಲ್ಲಿ ಮಕ್ಕಳಿಗೆ ಪುಸ್ತಕವಿಲ್ಲ, ಕಳುಹಿಸಿದ ಹಣ ಯಾವುದಕ್ಕೆ ವ್ಯಯವಾಯಿತು ಎಂಬುದನ್ನು ಯುರೋಪಿನ ಓದುಗರು ಆ ಪುಟಗಳಿಂದಲೇ ತಿಳಿದುಕೊಂಡರು. ಕೊಟ್ಟವನಿಗೆ ತನ್ನ ಕಾಣಿಕೆ ಎಲ್ಲಿಗೆ ತಲುಪಿತೆಂದು ಅರಿಯುವ ಹಕ್ಕುಂಟು. ಪಡೆದವನ ಅಗತ್ಯವನ್ನು ಅವನ ಬಳಿಯಲ್ಲಿದ್ದವರೇ ಹೇಳಬೇಕು. ದೇಣಿಗೆ ಸಂಗ್ರಹಿಸುವ ಕೆಲಸಕ್ಕೆ ಆಕೆ ಹಾಕಿದ ಅಡಿಗಲ್ಲು ಇದೇ.

ಅರಮನೆಯ ಸೇವೆ ಮತ್ತು ಆಫ್ರಿಕಾದ ಸೇವೆ ಎರಡನ್ನೂ ಒಟ್ಟಿಗೆ ಹೊರಲಾಗದೆಂದು ಕಂಡಾಗ, 1891ರಲ್ಲಿ ಆಕೆ ಅರಮನೆಯನ್ನು ತೊರೆದಳು. ಸಂಬಳವಿಲ್ಲ, ಸ್ಥಾನಮಾನವಿಲ್ಲ, ಒಂದು ಮೇಜು, ಕಾಗದಗಳ ರಾಶಿ, ಲೆಕ್ಕದ ಪುಸ್ತಕ. ಕೌಂಟ್ ಮನೆತನದ ಮಗಳು ಪರರ ಮಕ್ಕಳಿಗಾಗಿ ಕೈಯೊಡ್ಡುವವಳಾದಳು. ತನಗಾಗಿ ಬೇಡುವುದು ಕಷ್ಟ, ಪರರಿಗಾಗಿ ಬೇಡುವುದು ಸುಲಭವೆಂದು ನಾವು ಭಾವಿಸಬಹುದು. ಆದರೆ ವರ್ಷದಿಂದ ವರ್ಷಕ್ಕೆ, ಅದೇ ಬಾಗಿಲುಗಳನ್ನು ಮತ್ತೆ ಮತ್ತೆ ತಟ್ಟಿದವರಿಗೆ ಮಾತ್ರ ಆ ಶಿಲುಬೆಯ ಭಾರ ಗೊತ್ತು.

1894ರ ಏಪ್ರಿಲ್ 29, ಆಕೆಯ ಮೂವತ್ತೊಂದನೆಯ ಹುಟ್ಟುಹಬ್ಬ. ಅಂದು ಜಗದ್ಗುರು ಹದಿಮೂರನೆಯ ಲಿಯೋರವರು ಸಂತ ಪೇತ್ರ ಕ್ಲಾವರರ ಹೆಸರಿನ ಆಕೆಯ ಕೂಟಕ್ಕೆ ಅನುಮೋದನೆ ನೀಡಿದರು. ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿನಲ್ಲಿ ಗುಲಾಮರ ಹಡಗುಗಳಿಗೆ ಇಳಿದು ಅವರ ಗಾಯ ತೊಳೆದ ಯೇಸುಸಭೆಯ ಗುರು ಈ ಪೇತ್ರ ಕ್ಲಾವರರು. 1888ರಲ್ಲಷ್ಟೇ ಸಂತಪದವಿ ಪಡೆದಿದ್ದರು. ಕೂಟದಲ್ಲಿ ಮೂರು ಬಗೆಯ ಸದಸ್ಯರು. ವ್ರತಬದ್ಧರಾಗಿ ತಮ್ಮ ಇಡೀ ಬಾಳನ್ನು ಇದಕ್ಕೇ ಮೀಸಲಿಟ್ಟವರು ಮೊದಲನೆಯವರು. ತಮ್ಮ ತಮ್ಮ ಮನೆಗಳಲ್ಲಿದ್ದುಕೊಂಡೇ ಬಿಡುವಿನ ವೇಳೆಯನ್ನು ಕೂಟಕ್ಕೆ ಕೊಡುವವರು ಎರಡನೆಯವರು. ಪತ್ರಿಕೆ ಹಂಚಿ, ನೆರೆಹೊರೆಯಲ್ಲಿ ಕಾಣಿಕೆ ಕೂಡಿಸುವ ಉತ್ಸಾಹಿಗಳು ಮೂರನೆಯವರು. ಶ್ರೀಮಂತೆಯೂ ಮನೆಗೆಲಸದವಳೂ ಇಲ್ಲಿ ಒಂದೇ ಕಾರ್ಯಕ್ಕೆ ಕೈಜೋಡಿಸಬಹುದಿತ್ತು. 1896ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದಂದು, ಮರಿಯಾ ತೆರೇಸಾ ತನ್ನ ನಿತ್ಯವ್ರತಗಳನ್ನು ಸ್ವೀಕರಿಸಿದಳು. ಮುಂದೆ 1910ರಲ್ಲಿ ರೋಮಿನಿಂದ ಸಂಸ್ಥೆಗೆ ಅಂತಿಮ ಮನ್ನಣೆ ದೊರೆಯಿತು.

ಇದಕ್ಕೆ ಮೊದಲೇ, 1890ರಲ್ಲಿ, ಜಗದ್ಗುರುಗಳು ಆಫ್ರಿಕಾದ ಧರ್ಮಪ್ರಚಾರಕ್ಕಾಗಿ ಪ್ರತಿವರ್ಷ ಮೂವರು ರಾಯರ ಹಬ್ಬದಂದು ದೇವಾಲಯಗಳಲ್ಲಿ ಕಾಣಿಕೆ ಎತ್ತಬೇಕೆಂದು ವಿಧಿಸಿದ್ದರು. ಹೊನ್ನು, ಧೂಪ, ರಕ್ತಬೋಳಗಳನ್ನು ತಂದ ರಾಯರ ಹಬ್ಬಕ್ಕೆ ಇದಕ್ಕಿಂತ ಯೋಗ್ಯವಾದ ಆಚರಣೆ ಬೇರೊಂದಿಲ್ಲ. ಆದರೆ ವರ್ಷಕ್ಕೊಮ್ಮೆಯ ಕಾಣಿಕೆ ಶಾಲೆಯೊಂದನ್ನು ವರ್ಷವಿಡೀ ನಡೆಸಲಾರದು. ಆ ಅಂತರವನ್ನು ತುಂಬಿದವರು ಇಂತಹ ಕೂಟಗಳ ಸ್ವಯಂಸೇವಕರು.

ಅಂದಿನ ಆಫ್ರಿಕಾದ ಹಳ್ಳಿಯ ಶಾಲೆ ಎಂತಹುದು? ಹುಲ್ಲಿನ ಮಾಡು, ಮಣ್ಣಿನ ನೆಲ; ಕೆಲವೊಮ್ಮೆ ಮರದ ನೆರಳೇ ಶಾಲೆ. ಗುರುಗಳು ವರ್ಷದಲ್ಲಿ ಕೆಲವೇ ಸಲ ಬರುವರು. ಉಳಿದ ದಿನಗಳಲ್ಲಿ ಅಲ್ಲಿಯವನೇ ಆದ ಉಪದೇಶಿಯು ಮಕ್ಕಳಿಗೆ ಅಕ್ಷರವನ್ನೂ ಜಪಗಳನ್ನೂ ಕಲಿಸುವನು. ಇಂತಹ ಶಾಲೆಗೆ ಮೊದಲು ಬೇಕಾದದ್ದು ಪುಸ್ತಕ. ಆ ಜನರ ನುಡಿಗಳಲ್ಲಿ ಅನೇಕಕ್ಕೆ ಅಚ್ಚಿನ ಪುಸ್ತಕವೇ ಇರಲಿಲ್ಲ. ಧರ್ಮಪ್ರಚಾರಕರು ಜನರಿಂದ ನುಡಿ ಕಲಿತು, ಶಬ್ದ ಕೂಡಿಸಿ, ಹಸ್ತಪ್ರತಿ ಸಿದ್ಧಪಡಿಸುತ್ತಿದ್ದರು. ಆದರೆ ಲಾಭ ತಾರದ ಅಂತಹ ಪುಸ್ತಕವನ್ನು ಯಾವ ವ್ಯಾಪಾರಿ ಮುದ್ರಿಸಿಯಾನು? ಮರಿಯಾ ತೆರೇಸಾ ಸಾಲ್ಜ್‌ಬರ್ಗಿನ ಸಮೀಪದ ಮರಿಯಾ ಸೋರ್ಗ್ ಎಂಬ ಸ್ಥಳದಲ್ಲಿ ಮುದ್ರಣಾಲಯ ಸ್ಥಾಪಿಸಿದಳು. ಅಲ್ಲಿ ಆಕೆಯ ಸೋದರಿಯರು ತಾವು ಎಂದೂ ಕೇಳದ ನುಡಿಗಳ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಜ್ಞಾನೋಪದೇಶ, ಜಪದ ಪುಸ್ತಕ, ಶುಭಸಂದೇಶದ ಕಥೆಗಳು, ಅಕ್ಷರಮಾಲೆಗಳನ್ನು ಅಚ್ಚುಹಾಕಿ ಕಳುಹಿಸಿದರು. ಆಫ್ರಿಕಾದ ಮಗು ತನ್ನ ತಾಯಿಯ ನುಡಿಯಲ್ಲೇ ಓದಲೆಂಬ ಹಂಬಲ ಅದರ ಹಿಂದಿತ್ತು.

ದೇಹಸ್ಥಿತಿ ಆಕೆಗೆ ಎಂದೂ ಅನುಕೂಲವಾಗಿರಲಿಲ್ಲ. ಆದರೂ ಯುರೋಪಿನ ನಗರದಿಂದ ನಗರಕ್ಕೆ ರೈಲಿನಲ್ಲಿ ಸಂಚರಿಸಿ ಉಪನ್ಯಾಸ ನೀಡಿದಳು. ಸ್ತ್ರೀಯೊಬ್ಬಳು ಸಾರ್ವಜನಿಕ ವೇದಿಕೆಯೇರಿ ಮಾತನಾಡುವುದು ಅಪರೂಪವಾಗಿದ್ದ ದಿನಗಳವು. 1914ರಲ್ಲಿ ಮಹಾಯುದ್ಧ ಹೊತ್ತಿದಾಗ, ನಿನ್ನೆಯವರೆಗೆ ಒಂದೇ ಕಾರ್ಯಕ್ಕೆ ಕಾಣಿಕೆ ಕೊಡುತ್ತಿದ್ದ ರಾಷ್ಟ್ರಗಳ ಜನ ಪರಸ್ಪರ ಶತ್ರುಗಳಾದರು. ಅಂಚೆ ಕಡಿದುಹೋಯಿತು, ಹಡಗುಗಳು ನಿಂತವು. ಹಲವು ದೇಶಗಳ ಮಕ್ಕಳನ್ನು ಒಂದೇ ಮನೆಯಲ್ಲಿ ಕೂಡಿಸಿದ್ದ ಸಂಸ್ಥೆಗೆ ಅದು ಅಗ್ನಿಪರೀಕ್ಷೆ. ಆಕೆ ಎದೆಗುಂದಲಿಲ್ಲ. ಯುದ್ಧ ಮುಗಿದ ಮೇಲೂ ದುಡಿದು, 1922ರ ಜುಲೈ 6ರಂದು ರೋಮ್ ನಗರದಲ್ಲಿ ಪ್ರಭುವಿನಲ್ಲಿ ನಿದ್ರಿಸಿದಳು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅದೇ ದಶಕಗಳಲ್ಲಿ ಯುರೋಪಿನ ರಾಜ್ಯಗಳು ಆಫ್ರಿಕಾವನ್ನು ತಮ್ಮತಮ್ಮೊಳಗೆ ಹಂಚಿಕೊಂಡವು. ಗುಲಾಮಗಿರಿಯನ್ನು ನಿಲ್ಲಿಸುವ ನೆಪ ಆ ಆಕ್ರಮಣಕ್ಕೆ ಮುಸುಕಾದದ್ದೂ ಉಂಟು. ಅಂದಿನ ಧರ್ಮಪ್ರಚಾರ ಪತ್ರಿಕೆಗಳು ಆಫ್ರಿಕಾದ ಜನರನ್ನು ಕುರಿತು ಬಳಸಿದ ಕೆಲವು ಮಾತುಗಳನ್ನು ಇಂದು ನಾವು ಬಳಸಲಾರೆವು, ಬಳಸಲೂ ಬಾರದು. ಮರಿಯಾ ತೆರೇಸಾಳೂ ತನ್ನ ಕಾಲದ ಮಗಳೇ. ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಆ ಎತ್ತರವನ್ನೇ ಹಿರಿತನವೆಂದು ಭ್ರಮಿಸುವ ಅಪಾಯ ಎಲ್ಲ ದಾನಿಗಳಿಗೂ ಉಂಟು. ಆದರೆ ಮಗುವಿಗೆ ಅದರ ಸ್ವಂತ ನುಡಿಯ ಪುಸ್ತಕವನ್ನು ಕೊಟ್ಟವರು ಅದನ್ನು ಸದಾ ತಮ್ಮ ಕೈಕೆಳಗೇ ಇರಿಸಿಕೊಳ್ಳಲಾರರು. ಓದಲು ಕಲಿತವನು ಯೋಚಿಸಲು ಕಲಿಯುತ್ತಾನೆ, ಯೋಚಿಸುವವನು ಎದ್ದುನಿಲ್ಲುತ್ತಾನೆ.

ಆಫ್ರಿಕಾ ಎದ್ದುನಿಂತದ್ದನ್ನು ಚರಿತ್ರೆ ಕಂಡಿದೆ. 1913ರಲ್ಲಿ ಉಗಾಂಡದಲ್ಲಿ ಆ ನೆಲದ ಇಬ್ಬರು ಮಕ್ಕಳು ಗುರುಗಳಾಗಿ ಅಭಿಷಿಕ್ತರಾದರು. ವಿಕ್ಟೋರಿಯಾ ಸರೋವರದ ಪಕ್ಕದ ಬುಕೋಬಾ ಸೀಮೆಯಲ್ಲಿ ಹುಟ್ಟಿ, ಧರ್ಮಪ್ರಚಾರಕರ ಶಾಲೆಯಲ್ಲಿ ಕಲಿತ ಲೌರಿಯನ್ ರುಗಾಂಬ್ವಾರವರು 1960ರಲ್ಲಿ ಕಾರ್ಡಿನಲರಾದರು; ಆಧುನಿಕ ಕಾಲದಲ್ಲಿ ಆ ಪದವಿಗೇರಿದ ಮೊದಲ ಕರಿಯ ಆಫ್ರಿಕನ್ನರು ಅವರು. ಇಂದು ಆಫ್ರಿಕಾದ ಗುರುಗಳು ಯುರೋಪಿನ ಧರ್ಮಕೇಂದ್ರಗಳಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾರೆ. ಅಂದು ಕಾಣಿಕೆ ಹೋದ ದಾರಿಯಲ್ಲೇ ಇಂದು ವರ ಹಿಂದಿರುಗಿ ಬರುತ್ತಿದೆ.

1975ರ ಪವಿತ್ರ ವರ್ಷದಲ್ಲಿ, ಅಕ್ಟೋಬರ್ 19ರ ಧರ್ಮಪ್ರಚಾರ ಭಾನುವಾರದಂದು, ಜಗದ್ಗುರು ಆರನೆಯ ಪೌಲರು ಮರಿಯಾ ತೆರೇಸಾಳನ್ನು ಧನ್ಯರ ಪಂಕ್ತಿಗೆ ಸೇರಿಸಿದರು. ಆಕೆ ಸ್ಥಾಪಿಸಿದ ಸಂಸ್ಥೆ ಇಂದು ಸಂತ ಪೇತ್ರ ಕ್ಲಾವರರ ಧರ್ಮಪ್ರಚಾರಕ ಸೋದರಿಯರ ಸಭೆಯೆಂದು ಹೆಸರಾಗಿದೆ. ಜುಲೈ 6 ಆಕೆಯ ಸ್ಮರಣೆಯ ದಿನ.

ಪ್ರಿಯ ವಿಶ್ವಾಸಿಗಳೇ, ನಮ್ಮಲ್ಲಿ ಎಲ್ಲರೂ ಕಡಲು ದಾಟಲಾರೆವು. ಸಂಸಾರದ ಹೊಣೆ, ಮುಪ್ಪು, ಬಡತನ, ರೋಗ ನಮ್ಮನ್ನು ಇದ್ದಲ್ಲೇ ಇರಿಸುತ್ತವೆ. ಆದರೂ ಚೀಟಿ ಬರೆಯುವವರು, ಮನೆಮನೆಗೆ ನಡೆಯುವವರು, ಕೂಡಿದ ನಾಣ್ಯಗಳನ್ನು ಪ್ರಾಮಾಣಿಕವಾಗಿ ಎಣಿಸಿ ಲೆಕ್ಕವಿಡುವವರು ಸಣ್ಣ ಕೆಲಸ ಮಾಡುತ್ತಿದ್ದಾರೆಂದು ಯಾರೂ ತಿಳಿಯದಿರಲಿ. ಧರ್ಮಸಭೆಯು ಧನ್ಯಳೆಂದು ಸಾರಿದ ಈ ಮಹಿಳೆಯ ಪಾವಿತ್ರ್ಯ ಬೆಳೆದದ್ದು ಬರೆಯುವ ಮೇಜಿನ ಮುಂದೆ, ಅಚ್ಚಿನ ಮೊಳೆಗಳ ನಡುವೆ, ಲೆಕ್ಕದ ಪುಸ್ತಕದ ಪುಟಗಳಲ್ಲಿ. ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಪ್ರಭು ಯೇಸು ದೂರದಿಂದಲೇ ಕಂಡರು. ದೂರದ ಹಳ್ಳಿಯೊಂದರ ಮಗು ತನ್ನ ಪುಸ್ತಕವನ್ನು ಬಿಡಿಸಿ ಮೊದಲ ಅಕ್ಷರವನ್ನು ಉಚ್ಚರಿಸುವಾಗ, ಆ ಅಕ್ಷರಕ್ಕಾಗಿ ಕಾಣಿಕೆ ಕೂಡಿಸಿದವರನ್ನೂ ಆತನು ಕಾಣುತ್ತಾನೆ. ಧನ್ಯ ಮರಿಯಾ ತೆರೇಸಾಳ ಬಿನ್ನಹಗಳ ಮೂಲಕ ಅಂತಹ ಹೃದಯವನ್ನು ದೇವರು ನಮಗೂ ದಯಪಾಲಿಸಲಿ.