ಚರ್ಮ ಬಿಗಿಯುವ ಕಾಯಿಲೆ: ಚಿತ್ರಕಾರ ಪಾಲ್ ಕ್ಲೇ ಬದುಕು ಹೇಳುವುದೇನು?

ಸಿಸ್ಟಮಿಕ್ ಸ್ಕ್ಲೆರೋಸಿಸ್ ಬಂದರೆ ಚರ್ಮ ದಪ್ಪವಾಗಿ ಬಿಗಿಯುತ್ತದೆ. ಇದು ಬರೀ ಚರ್ಮರೋಗ, ಮುಟ್ಟಿದರೆ ಅಂಟುತ್ತದೆ ಎಂದು ನಂಬುವವರಿದ್ದಾರೆ. ಎರಡೂ ತಪ್ಪು. ಹೇಗೆಂದು ಚಿತ್ರಕಾರ ಪಾಲ್ ಕ್ಲೇ ಅವರ ಬದುಕಿನಿಂದ ತಿಳಿಯೋಣ.

ಕ್ಲೇ ಹುಟ್ಟಿದ್ದು 1879ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ಬಳಿ. ತಂದೆ ಜರ್ಮನಿಯವರಾದ್ದರಿಂದ ಮಗನೂ ಜರ್ಮನ್ ಪ್ರಜೆ. ಪಿಟೀಲು ನುಡಿಸುವುದರಲ್ಲೂ ಕ್ಲೇ ನಿಪುಣರು. ಬೌಹೌಸ್ ಕಲಾಶಾಲೆಯಲ್ಲಿ, ಆಮೇಲೆ ಡಸೆಲ್‌ಡಾರ್ಫ್‌ನಲ್ಲಿ ಮೇಷ್ಟ್ರಾಗಿದ್ದರು. 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದಾಗ ಬರ್ನ್‌ಗೆ ಮರಳಿದರು.

1935ರಲ್ಲಿ ಕಾಯಿಲೆ ಬಿದ್ದರು. ಮೊದಲು ದಡಾರ ಎಂದುಕೊಂಡರು. ಆದರೆ ಸುಸ್ತು ಬಿಡಲೇ ಇಲ್ಲ. ಮುಖದ ಚರ್ಮ ಮುಖವಾಡದಂತೆ ಬಿಗಿಯಿತು. ಅನ್ನನಾಳ ಸೋತು ಗಟ್ಟಿ ಆಹಾರ ನುಂಗುವುದು ಕಷ್ಟವಾಯಿತು. ಸ್ವಲ್ಪ ನಡೆದರೂ ಏದುಸಿರು. 1936ರಲ್ಲಿ ಅವರು ಮಾಡಿದ್ದು ಸುಮಾರು 25 ಚಿತ್ರ ಮಾತ್ರ. ಅಲ್ಲಿಗೇ ನಿಲ್ಲಲಿಲ್ಲ: 1939ರ ಒಂದೇ ವರ್ಷದಲ್ಲಿ 1,200ಕ್ಕೂ ಹೆಚ್ಚು ಕೃತಿ ರಚಿಸಿದರು! 1940ರ ಜೂನ್ 29ರಂದು, ಸ್ವಿಸ್ ಪೌರತ್ವದ ಅರ್ಜಿ ಇತ್ಯರ್ಥವಾಗುವ ಮೊದಲೇ, ತೀರಿಕೊಂಡರು. ಅವರ ಕಾಯಿಲೆಗೆ ಈ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅವರು ಸತ್ತ ಎಷ್ಟೋ ವರ್ಷಗಳ ಮೇಲೆ, ಲಕ್ಷಣಗಳ ಆಧಾರದ ಮೇಲೆ.

ಒಳಗೆ ಆಗುವುದೇನು? ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೆಯೇ ತಿರುಗಿಬೀಳುತ್ತದೆ. ಸಣ್ಣ ರಕ್ತನಾಳಗಳು ಕೆಡುತ್ತವೆ, ಕೊಲಾಜೆನ್ ಎಂಬ ಪ್ರೋಟೀನು ಅತಿಯಾಗಿ ಶೇಖರವಾಗುತ್ತದೆ. ಚರ್ಮದ ಜೊತೆ ಅನ್ನನಾಳ, ಶ್ವಾಸಕೋಶ, ಹೃದಯ, ಮೂತ್ರಪಿಂಡಗಳಿಗೂ ಪೆಟ್ಟು. ರೋಗಾಣುವಿನಿಂದ ಬರುವುದಲ್ಲ, ಹಾಗಾಗಿ ಅಂಟುವುದಿಲ್ಲ. ಎಣ್ಣೆ ತಿಕ್ಕಿದರೆ ಚರ್ಮದ ಒಣಗು ತಗ್ಗಬಹುದು, ರೋಗ ಹೋಗುವುದಿಲ್ಲ.

ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಗಟ್ಟಿ, ಆಮೇಲೆ ಕೆಂಪಾಗುವುದು ಹಲವರಲ್ಲಿ ಮೊದಲ ಸೂಚನೆ. ಹೀಗಾದವರಿಗೆಲ್ಲ ಈ ರೋಗವಿದೆ ಎಂದಲ್ಲ. ಆದರೆ ಜೊತೆಗೆ ಬೆರಳು ಊದಿದರೆ, ಚರ್ಮ ಬಿಗಿದರೆ, ನುಂಗಲು ಕಷ್ಟವಾದರೆ ರುಮಟಾಲಜಿ ತಜ್ಞರನ್ನು ಕಾಣಿ.

ಪೂರ್ತಿ ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ಆದರೆ ಕ್ಲೇ ಕಾಲದಲ್ಲಿ ಇಲ್ಲದ ಹಲವು ದಾರಿಗಳು ಈಗ ಇವೆ: ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ, ರಕ್ತನಾಳ ಹಿಗ್ಗಿಸುವ, ಎದೆಯುರಿ ತಡೆಯುವ ಔಷಧಿಗಳು. ಶ್ವಾಸಕೋಶದ ಪರೀಕ್ಷೆ ಆಗಾಗ ಆಗಬೇಕು. ಬಿಪಿ ಮೇಲೆ ಕಣ್ಣಿಡಬೇಕು. ಅದು ದಿಢೀರನೆ ಏರಿದರೆ ಮೂತ್ರಪಿಂಡಕ್ಕೆ ಅಪಾಯ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕೈಕಾಲು ಬೆಚ್ಚಗಿಡಿ, ಸಿಗರೇಟು ಬಿಡಿ, ವೈದ್ಯರು ಹೇಳದೆ ಸ್ಟಿರಾಯ್ಡ್ ನುಂಗಬೇಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಇದು ಅಂಟುವ ರೋಗವಲ್ಲ. ರೋಗಿಯನ್ನು ದೂರ ಇಡಬೇಡಿ, ಪರೀಕ್ಷೆಯನ್ನು ಮುಂದೂಡಬೇಡಿ.